ಏಳು ಬಾರಿ ಬಿದ್ದವನು

ಜಟ್ಟಿ ಜಾರಿ ಬಿದ್ದರೂ ಮೀಸೆ ಮಣ್ಣಾಗಲಿಲ್ಲ ಎಂಬ ಗಾದೆಯನ್ನು ನಾವೆಲ್ಲ ಕೇಳಿದ್ದೇವೆ. ಸೋತದ್ದನ್ನು ಒಪ್ಪಿಕೊಳ್ಳಲಾರದವನನ್ನು ಗೇಲಿ ಮಾಡಲು ಅದನ್ನು ಬಳಸುತ್ತೇವೆ. ಮೀಸೆ ಇನ್ನೂ ಸರಿಯಾಗಿ ಮೂಡದ ಹುಡುಗನೊಬ್ಬನ ಸೋಲಿನ ವಿಷಯವನ್ನು ಇಂದು ಹೇಳಬೇಕೆಂದಿದ್ದೇನೆ. ಅವನು ತನ್ನ ಜೀವನದ ಮೊದಲ ಹವ್ಯಾಸಿ ಮುಷ್ಟಿಯುದ್ಧದಲ್ಲಿ ಒಂದಲ್ಲ, ಎರಡಲ್ಲ, ಏಳು ಬಾರಿ ನೆಲಕ್ಕುರುಳಿದ. ಮಣ್ಣಾಗಲಿಲ್ಲವೆಂದು ಹೇಳಿಕೊಳ್ಳಲು ಅವನಲ್ಲಿ ಏನೂ ಉಳಿದಿರಲಿಲ್ಲ. ಆ ವರ್ಷ 1932; ಊರು ಅಮೆರಿಕದ ಡೆಟ್ರಾಯಿಟ್. ಹುಡುಗನ ಹೆಸರು ಜೋಸೆಫ್ ಲೂಯಿಸ್ ಬ್ಯಾರೋ. ಮುಂದೆ ಜಗತ್ತು ಅವನನ್ನು ಜೋ ಲೂಯಿಸ್ ಎಂದು ಅರಿಯಿತು.

ಹನ್ನೊಂದು ವರ್ಷ ಎಂಟು ತಿಂಗಳ ಕಾಲ ವಿಶ್ವದ ಹೆವಿವೇಟ್ ಪಟ್ಟವನ್ನು ಆಳಿ, ಇಪ್ಪತ್ತೈದು ಬಾರಿ ಅದನ್ನು ಉಳಿಸಿಕೊಂಡ ಮಲ್ಲನ ಗೆಲುವುಗಳನ್ನು ಕುರಿತು ಬರೆದವರು ಅನೇಕರು. ನನಗಾದರೋ ಆ ಮೊದಲ ಸೋಲಿನ ಕಡೆಗೇ ಮನಸ್ಸು ಹರಿಯುತ್ತದೆ. ಇತಿಹಾಸವು ಸಾಮಾನ್ಯವಾಗಿ ಪಟ್ಟಾಭಿಷೇಕದಿಂದ ಆರಂಭವಾಗುತ್ತದೆ. ಅದಕ್ಕೆ ಮುಂಚಿನ ದಿನಗಳು ದಂತಕಥೆಯ ಪಾಲಾಗುತ್ತವೆ. ಆದರೆ ಮನುಷ್ಯನ ಗುಟ್ಟು ಅಡಗಿರುವುದು ಹಲವು ವೇಳೆ ಆ ದಿನಗಳಲ್ಲೇ.

ಜೋ ಹುಟ್ಟಿದ್ದು 1914ರ ಮೇ 13ರಂದು, ಅಲಬಾಮ ಸಂಸ್ಥಾನದ ಹತ್ತಿಯ ಹೊಲಗಳ ನಡುವೆ. ಅವನ ಅಜ್ಜ ಅಜ್ಜಿಯರ ಕಾಲಕ್ಕೆ ಗುಲಾಮಗಿರಿ ಇನ್ನೂ ಜೀವಂತವಾಗಿತ್ತು. ಎಂಟು ಮಕ್ಕಳಲ್ಲಿ ಏಳನೆಯವನು ಜೋ. ಅವನಿಗೆ ಎರಡು ವರ್ಷವಾಗಿದ್ದಾಗ ತಂದೆ ಮನೋರೋಗಿಗಳ ಆಸ್ಪತ್ರೆಯನ್ನು ಸೇರಿದ. ತಾಯಿ ಲಿಲಿ ಮುಂದೆ ಪ್ಯಾಟ್ ಬ್ರೂಕ್ಸ್ ಎಂಬಾತನನ್ನು ಮದುವೆಯಾದಳು. ಹುಡುಗನಿಗೆ ಮಾತು ತಡವರಿಸುತ್ತಿತ್ತು. ಆರು ವರ್ಷವಾಗುವವರೆಗೂ ಅವನು ಹೆಚ್ಚು ಮಾತನಾಡಲಿಲ್ಲ. 1926ರಲ್ಲಿ ಈ ದೊಡ್ಡ ಕುಟುಂಬ ಮೋಟಾರು ಕಾರ್ಖಾನೆಗಳ ಕೂಲಿಯನ್ನು ನೆಚ್ಚಿ ಉತ್ತರದ ಡೆಟ್ರಾಯಿಟ್‌ಗೆ ಬಂದಿತು. ಹಾಗೆ ಬಂದವರು ಇವರೊಬ್ಬರೇ ಅಲ್ಲ. 1910ರಲ್ಲಿ ಆ ನಗರದ ಕರಿಯರ ಸಂಖ್ಯೆ ಆರು ಸಾವಿರವನ್ನೂ ಮುಟ್ಟಿರಲಿಲ್ಲ. 1930ರ ಹೊತ್ತಿಗೆ ಅದು 1,20,000ಕ್ಕೆ ಏರಿತ್ತು. ದಕ್ಷಿಣದ ಬಡತನವನ್ನೂ ಭಯವನ್ನೂ ಬಿಟ್ಟು ಬಂದ ಜನರ ಆಸೆಯೇ ಆ ಅಂಕಿಯಾಗಿತ್ತು ಎನ್ನಬೇಕು.

ಆ ಆಸೆಗೆ ಕೊಡಲಿ ಪೆಟ್ಟು ಬಿದ್ದದ್ದು 1929ರ ನಂತರದ ಆರ್ಥಿಕ ಮುಗ್ಗಟ್ಟಿನಲ್ಲಿ. ಅಮೆರಿಕದಲ್ಲಿ 1929ರಲ್ಲಿ ಸುಮಾರು 53 ಲಕ್ಷ ಮೋಟಾರು ವಾಹನಗಳು ತಯಾರಾಗಿದ್ದರೆ, 1932ರಲ್ಲಿ ಆ ಸಂಖ್ಯೆ 13 ಲಕ್ಷದ ಸುಮಾರಿಗೆ ಇಳಿಯಿತು. ಆ ವರ್ಷದ ಮಾರ್ಚ್ 7ರಂದು ನಿರುದ್ಯೋಗಿಗಳು ಫೋರ್ಡ್ ಕಾರ್ಖಾನೆಯ ಕಡೆಗೆ ಮೆರವಣಿಗೆ ಹೊರಟಾಗ ಗುಂಡು ಹಾರಿ ನಾಲ್ಕು ಜನ ಸತ್ತರು. ಪ್ಯಾಟ್ ಬ್ರೂಕ್ಸ್ ಕೂಡ ಕೆಲಸ ಕಳೆದುಕೊಂಡಿದ್ದ. ಮನೆ ನಗರಸಭೆಯ ಪರಿಹಾರದ ಹಣದ ಮೇಲೆ ನಡೆಯುತ್ತಿತ್ತು. ಹೀಗಿದ್ದೂ ಆ ತಾಯಿ, ಮಗ ಬೀದಿಯ ಪಾಲಾಗದಿರಲೆಂದು, ವಾರಕ್ಕೆ ಐವತ್ತು ಸೆಂಟುಗಳನ್ನು ಹೇಗೋ ಉಳಿಸಿ ಅವನನ್ನು ಪಿಟೀಲು ಪಾಠಕ್ಕೆ ಕಳಿಸಿದಳು. ಬಡತನದ ನಡುವೆ ಪಿಟೀಲು! ನಗುವ ಮಾತಲ್ಲ; ತನ್ನ ಮಗ ಕೂಲಿಗಿಂತ ಮೇಲಿನದೊಂದಕ್ಕೆ ಹುಟ್ಟಿದವನೆಂದು ಆಕೆ ನಂಬಿದ್ದಳು. ಮಗನೋ, ಥರ್ಸ್ಟನ್ ಮೆಕಿನ್ನಿ ಎಂಬ ಗೆಳೆಯನ ಮಾತಿಗೆ ಮರುಳಾಗಿ, ಆ ಹಣವನ್ನು ಬ್ರೂಸ್ಟರ್ ಮನರಂಜನಾ ಕೇಂದ್ರದ ಗರಡಿಗೆ ತೆತ್ತ. ಕರಿಯರ ಬಡಾವಣೆಯಲ್ಲಿ 1929ರಲ್ಲಿ ತೆರೆದಿದ್ದ ಕೇಂದ್ರವದು. ಪಿಟೀಲಿನ ಪೆಟ್ಟಿಗೆಯಲ್ಲೇ ಕೈಗವಸುಗಳನ್ನು ಬಚ್ಚಿಟ್ಟು ಒಯ್ಯುತ್ತಿದ್ದನೆಂದು ದಂತಕಥೆ ಹೇಳುತ್ತದೆ.

ಹೆಸರಿನ ಬಗೆಗೂ ಎರಡು ಕಥೆಗಳಿವೆ. ಮೊದಲ ಪಂದ್ಯದ ಅರ್ಜಿಯಲ್ಲಿ ಅಕ್ಷರಗಳನ್ನು ಅಷ್ಟು ದೊಡ್ಡದಾಗಿ ಬರೆದನಂತೆ, ಬ್ಯಾರೋ ಎಂಬ ಮನೆತನದ ಹೆಸರಿಗೆ ಜಾಗವೇ ಉಳಿಯಲಿಲ್ಲವಂತೆ. ಮತ್ತೊಂದು ಕಥೆ ಹೆಚ್ಚು ನಂಬುವಂತಿದೆ: ತಾಯಿಗೆ ತಿಳಿಯದಿರಲೆಂದು ಬೇಕೆಂದೇ ಅದನ್ನು ಬಿಟ್ಟ. ಹೆಸರನ್ನೇನೋ ಅಡಗಿಸಬಹುದು, ಪೆಟ್ಟು ತಿಂದ ಮುಖವನ್ನು ತಾಯಿಯಿಂದ ಅಡಗಿಸಲಾದೀತೆ?

ಇಲ್ಲಿ ಆಟದ ನಿಯಮವನ್ನು ಕುರಿತು ಎರಡು ಮಾತು ಹೇಳಬೇಕು. ನಮ್ಮ ಮೈಸೂರು ದಸರೆಯ ವಜ್ರಮುಷ್ಟಿ ಕಾಳಗವು ಮೊದಲ ರಕ್ತದ ಹನಿಗೆ ನಿಲ್ಲುತ್ತದೆ. ಇಂಗ್ಲೆಂಡಿನ ಹಳೆಯ ಪಣದ ಕಾಳಗಕ್ಕೆ ಅಂಥ ಕರುಣೆಯಿರಲಿಲ್ಲ. ಬರಿಗೈಯಲ್ಲಿ ಹೊಡೆದಾಟ, ಒಬ್ಬ ಬಿದ್ದರೆ ಒಂದು ಸುತ್ತು ಮುಗಿಯಿತು, ಬಿದ್ದವನನ್ನು ಅವನ ಕಡೆಯವರು ಎತ್ತಿ ಮೂಲೆಗೆ ಒಯ್ದು, ಉಪಚರಿಸಿ, ಮತ್ತೆ ಕಣದ ನಡುವಿಗೆ ಕಳಿಸುತ್ತಿದ್ದರು. ಒಬ್ಬನು ಬರಲಾರದೆ ಹೋಗುವ ತನಕ ಹೀಗೆಯೇ ನಡೆಯಬೇಕು. 1867ರಲ್ಲಿ ಕ್ವೀನ್ಸ್‌ಬರಿ ಪ್ರಭುವಿನ ಹೆಸರಿನಲ್ಲಿ ಹೊಸ ನಿಯಮಗಳು ಪ್ರಕಟವಾದುವು. ಕೈಗವಸು, ಮೂರು ನಿಮಿಷದ ಸುತ್ತು, ಒಂದು ನಿಮಿಷದ ವಿರಾಮ ಬಂದುದು ಆಗಲೇ. ಬಿದ್ದವನು ಹತ್ತು ಸೆಕೆಂಡುಗಳೊಳಗೆ ಏಳಬೇಕು. ಅದೂ ಯಾರ ನೆರವೂ ಇಲ್ಲದೆ, ತಾನಾಗಿಯೇ ಏಳಬೇಕು. 1880ರಲ್ಲಿ ಲಂಡನ್ನಿನಲ್ಲಿ ಹವ್ಯಾಸಿಗಳ ಸಂಘ ಸ್ಥಾಪನೆಯಾಯಿತು. 1904ರಲ್ಲಿ ಈ ಆಟ ಒಲಿಂಪಿಕ್ಸ್ ಅನ್ನು ಸೇರಿತು. ಆ ಹತ್ತು ಸೆಕೆಂಡುಗಳ ನಿಯಮವನ್ನು ಕೇಳುಗರು ಮನಸ್ಸಿನಲ್ಲಿಟ್ಟುಕೊಳ್ಳಬೇಕೆಂದು ಬೇಡುತ್ತೇನೆ.

ಮೊದಲ ಪಂದ್ಯದಲ್ಲಿ ಜೋಗೆ ಎದುರಾದವನು ಜಾನಿ ಮೈಲರ್; ಅದೇ 1932ರ ಲಾಸ್ ಏಂಜಲಿಸ್ ಒಲಿಂಪಿಕ್ಸ್‌ಗೆ ಅಮೆರಿಕದ ತಂಡದಲ್ಲಿ ಸ್ಥಾನ ಪಡೆದ ಪಳಗಿದ ಆಳು. ಹೊಸಬನಿಗೆ ತಕ್ಕ ಜೋಡಿಯಲ್ಲ. ಹುಡುಗನ ತೋಳಿನಲ್ಲಿ ಬಲವಿತ್ತು, ಕಾಲಿಗೆ ವಿದ್ಯೆಯಿರಲಿಲ್ಲ. ಗರಡಿಯಲ್ಲಿ ಗೆಳೆಯರೊಡನೆ ಗುದ್ದಾಡುವುದೇ ಬೇರೆ. ನೂರಾರು ಕಣ್ಣುಗಳ ಎದುರಿಗೆ, ತನ್ನನ್ನು ಕೆಡವಲೆಂದೇ ಬಂದ ಅಪರಿಚಿತನ ಮುಂದೆ ನಿಲ್ಲುವುದೇ ಬೇರೆ. ಮೊದಲ ಪಂದ್ಯ ಆಡಿದವರೆಲ್ಲ ಹೇಳುವ ಮಾತೊಂದಿದೆ: ಕಲಿತದ್ದೆಲ್ಲ ಮೊದಲ ಏಟಿಗೇ ಮರೆತುಹೋಗುತ್ತದೆ, ಉಸಿರು ತೋಳಿಗಿಂತ ಮುಂಚೆ ಸೋಲುತ್ತದೆ. ಜೋ ಬಿದ್ದ. ಎದ್ದ. ಮತ್ತೆ ಬಿದ್ದ. ಒಟ್ಟು ಏಳು ಸಲ. ನಮ್ಮ ಭಾಷೆಯಲ್ಲಿ ಏಳು ಎಂಬುದು ಸಂಖ್ಯೆಯೂ ಹೌದು, ಎದ್ದು ನಿಲ್ಲೆಂಬ ಆಜ್ಞೆಯೂ ಹೌದು. ಪಂದ್ಯ ಮೈಲರನದಾಯಿತು.

ಹವ್ಯಾಸಿಗೆ ನಗದು ಕೊಡುವಂತಿಲ್ಲ. ಸೋತವನ ಪಾಲಿಗೆ ಬಂದದ್ದು ಏಳು ಡಾಲರ್ ಬೆಲೆಯ ಸಾಮಾನು ಕೊಳ್ಳುವ ಚೀಟಿ. ಅದನ್ನು ಅವನು ಮನೆಗೆ ತಂದು ಮಲತಂದೆಯ ಕೈಗಿತ್ತ. ಈ ಆಟದ ಹುಚ್ಚು ಬಿಟ್ಟು ಕೆಲಸ ನೋಡಿಕೋ ಎಂಬುದು ಪ್ಯಾಟ್ ಬ್ರೂಕ್ಸನ ತೀರ್ಪು. ಅವನನ್ನು ಕಟುಕನೆನ್ನುವಂತಿಲ್ಲ. ಅನ್ನ ದುಡಿಯುವ ಕೈ ಬರಿದಾಗಿ ಕುಳಿತ ಗಂಡಸಿಗೆ, ಪೆಟ್ಟು ತಿಂದು ಏಳು ಡಾಲರ್ ತರುವ ಮಗನನ್ನು ನೋಡಿ ಇನ್ನೇನು ತೋಚೀತು? ಜೋ ಆ ಮಾತಿಗೆ ತಲೆಬಾಗಿದ. ಫೋರ್ಡ್ ಕಾರ್ಖಾನೆಯಲ್ಲಿ ಟ್ರಕ್ಕುಗಳ ಒಡಲನ್ನು ನೂಕುವ ಕೆಲಸಕ್ಕೆ ಸೇರಿದ. ಗರಡಿಯ ಕಡೆ ಕೆಲವು ಕಾಲ ಸುಳಿಯಲಿಲ್ಲ.

ಕಣದೊಳಗಿನ ಏಳು ಬೀಳುಗಳಿಗಿಂತ ದೊಡ್ಡದಾದ ಎಂಟನೆಯ ಬೀಳು ಇದು. ಇಲ್ಲಿ ತೀರ್ಪುಗಾರನಿಲ್ಲ, ಹತ್ತರವರೆಗೆ ಎಣಿಸುವವರಿಲ್ಲ. ಇಲ್ಲಿಂದ ಅವನು ಏಳದೆ ಹೋಗಿದ್ದರೆ ಯಾರಿಗೂ ತಿಳಿಯುತ್ತಿರಲಿಲ್ಲ. ಮೊದಲ ಪಂದ್ಯ ಸೋತು ಮನೆಗೆ ಹೋದ ಸಾವಿರಾರು ಹುಡುಗರಲ್ಲಿ ಅವನೂ ಒಬ್ಬನಾಗುತ್ತಿದ್ದ. ಆದರೆ ಕಣದ ನಿಯಮ ಮನೆಗೆ ಅನ್ವಯಿಸುವುದಿಲ್ಲ ತಾನೆ? ಪಿಟೀಲಿನ ಹಣ ಪೋಲಾದುದನ್ನು ಅರಿತ ಅದೇ ತಾಯಿ, ನಿನಗೆ ಮನಸ್ಸಿದ್ದರೆ ಮುಂದುವರಿಸು ಎಂದು ಮಗನ ಬೆನ್ನಿಗೆ ನಿಂತಳು. ಗರಡಿಯಲ್ಲಿ ಅಟ್ಲರ್ ಎಲ್ಲಿಸ್ ಎಂಬ ಶಿಕ್ಷಕನಿದ್ದ. ಹೆಚ್ಚು ಕಡಿಮೆ ಜೋನ ವಯಸ್ಸಿನವನೇ ಆದ ಹೋಲ್ಮನ್ ವಿಲಿಯಮ್ಸ್ ಎಂಬ ನುರಿತ ಪಟು ಇದ್ದ. ಕಾಲಿಡುವ ಬಗೆಯನ್ನೂ ಎಡಗೈ ಚಾಚುವ ಬಗೆಯನ್ನೂ ಅವರು ತಿದ್ದಿದರು. ಇದೇ ವಿಲಿಯಮ್ಸ್ ಮುಂದೆ ವೃತ್ತಿಕಣದಲ್ಲಿ ವರ್ಷಾನುಗಟ್ಟಲೆ ಹೋರಾಡಿದರೂ ವಿಶ್ವಪಟ್ಟಕ್ಕಾಗಿ ಸೆಣಸುವ ಒಂದೇ ಒಂದು ಅವಕಾಶವೂ ಅವನಿಗೆ ದೊರೆಯಲಿಲ್ಲ. ಬಣ್ಣದ ಗೋಡೆ ಅಷ್ಟು ಎತ್ತರವಾಗಿತ್ತು.

ಆ ಗೋಡೆಯನ್ನು ನೆನೆಯದೆ ಈ ಮೊದಲ ಪಂದ್ಯದ ಬೆಲೆ ತಿಳಿಯದು. 1908ರಿಂದ 1915ರವರೆಗೆ ಜಾಕ್ ಜಾನ್ಸನ್ ಎಂಬ ಕರಿಯನು ಹೆವಿವೇಟ್ ಪಟ್ಟದಲ್ಲಿದ್ದ. ಅವನು ಸೋತ ಮೇಲೆ ಇಪ್ಪತ್ತೆರಡು ವರ್ಷ ಕಾಲ ಮತ್ತೊಬ್ಬ ಕರಿಯನನ್ನು ಆ ಪಟ್ಟದ ಪಂದ್ಯಕ್ಕೆ ಬಿಡಲಿಲ್ಲ. ಬೇಸ್‌ಬಾಲಿನ ದೊಡ್ಡ ಲೀಗುಗಳ ಬಾಗಿಲು 1947ರವರೆಗೂ ಮುಚ್ಚಿತ್ತು. ಉತ್ತರದ ನಗರಗಳ ಹವ್ಯಾಸಿ ಮುಷ್ಟಿಯುದ್ಧದ ಕಣ ಮಾತ್ರ, ಬಿಳಿಯ ಹುಡುಗನಿಗೂ ಕರಿಯ ಹುಡುಗನಿಗೂ ಹತ್ತರವರೆಗೆ ಒಂದೇ ರೀತಿಯಲ್ಲಿ ಎಣಿಸುತ್ತಿದ್ದ ಕೆಲವೇ ತಾವುಗಳಲ್ಲಿ ಒಂದಾಗಿತ್ತು.

ಜೋ ಹಿಂದಿರುಗಿದ. 1934ರ ಏಪ್ರಿಲ್‌ನಲ್ಲಿ ಸೇಂಟ್ ಲೂಯಿಸ್ ನಗರದಲ್ಲಿ ರಾಷ್ಟ್ರೀಯ ಹವ್ಯಾಸಿ ಲೈಟ್ ಹೆವಿವೇಟ್ ಪಟ್ಟವನ್ನು ಗೆದ್ದ. ಅವನ ಹವ್ಯಾಸಿ ಲೆಕ್ಕ ಐವತ್ತು ಗೆಲುವು, ನಾಲ್ಕು ಸೋಲು. ಅದೇ ವರ್ಷದ ಜುಲೈ 4ರಂದು ಷಿಕಾಗೋದಲ್ಲಿ ವೃತ್ತಿಕಣಕ್ಕೆ ಇಳಿದ. ಮೊದಲ ಸುತ್ತಿನಲ್ಲೇ ಗೆದ್ದು 59 ಡಾಲರ್ ಪಡೆದ. ಕೈಯಲ್ಲಿ ಹಣ ಓಡಾಡತೊಡಗಿದೊಡನೆ, ತನ್ನ ಮನೆ ಹಸಿದಿದ್ದಾಗ ನಗರಸಭೆ ಕೊಟ್ಟಿದ್ದ ಪರಿಹಾರದ ಮೊತ್ತವನ್ನು ಲೆಕ್ಕ ಹಾಕಿಸಿ ಹಿಂದಕ್ಕೆ ಕಟ್ಟಿದ. ಆ ಏಳು ಡಾಲರ್ ಚೀಟಿಯ ನೆನಪು ಅವನನ್ನು ಬಿಟ್ಟಿರಲಿಲ್ಲವೆಂದು ನನಗೆ ತೋರುತ್ತದೆ.

1936ರಲ್ಲಿ ಜರ್ಮನಿಯ ಮ್ಯಾಕ್ಸ್ ಷ್ಮೆಲಿಂಗ್ ಅವನನ್ನು ಹನ್ನೆರಡನೆಯ ಸುತ್ತಿನಲ್ಲಿ ಮಲಗಿಸಿದಾಗ, ಅವನ ಕಥೆ ಮುಗಿಯಿತೆಂದವರು ಬಹಳ. ಆದರೆ ಬಿದ್ದ ಮೇಲೆ ಗರಡಿಗೆ ಮರಳುವ ಪಾಠವನ್ನು ಜೋ ಹದಿಹರೆಯದಲ್ಲೇ ಕಲಿತಿದ್ದ. 1937ರ ಜೂನ್ 22ರಂದು ವಿಶ್ವಪಟ್ಟ ಅವನದಾಯಿತು. ಸರಿಯಾಗಿ ಒಂದು ವರ್ಷದ ಮೇಲೆ, ಹಿಟ್ಲರನ ಜರ್ಮನಿ ತನ್ನ ಜನಾಂಗದ ಹಿರಿಮೆಗೆ ಸಾಕ್ಷಿಯೆಂದು ಬಿಂಬಿಸುತ್ತಿದ್ದ ಷ್ಮೆಲಿಂಗ್‌ನನ್ನು ನ್ಯೂಯಾರ್ಕಿನಲ್ಲಿ 124 ಸೆಕೆಂಡುಗಳಲ್ಲಿ ಸೋಲಿಸಿದ. ಸುಮಾರು ಏಳು ಕೋಟಿ ಜನ ಅದನ್ನು ರೇಡಿಯೋದಲ್ಲಿ ಕೇಳಿದರೆಂದು ಅಂದಾಜು. ಆ ಷ್ಮೆಲಿಂಗ್ ಕೂಡ ಮುಂದೆ ಅವನ ಗೆಳೆಯನಾದುದು ಬೇರೆಯೇ ಕಥೆ.

1981ರ ಏಪ್ರಿಲ್ 12ರಂದು ಜೋ ಲೂಯಿಸ್ ತೀರಿಕೊಂಡ. ಅವನನ್ನು ಮೊದಲು ಸೋಲಿಸಿದ ಜಾನಿ ಮೈಲರನ ಹೆಸರು ಇಂದು ನೆನಪಿಗೆ ಬರುವುದು ಹೆಚ್ಚಾಗಿ ಆ ಸೋತವನ ಕಥೆಯಲ್ಲೇ. ಬಿದ್ದವನು ಯಾರ ನೆರವೂ ಇಲ್ಲದೆ ಏಳಬೇಕೆಂದು ಕ್ವೀನ್ಸ್‌ಬರಿಯ ನಿಯಮ ಹೇಳುತ್ತದೆ. ಕಣದೊಳಗೆ ಜೋ ಹಾಗೆಯೇ ಎದ್ದ. ಮನೆಗೆ ಬಂದ ಮೇಲೆ ಅವನನ್ನು ಎಬ್ಬಿಸಿದುದು ಪಿಟೀಲಿಗೆಂದು ಐವತ್ತು ಸೆಂಟು ಕೂಡಿಡುತ್ತಿದ್ದ ತಾಯಿಯ ಕೈ, ಗರಡಿಗೆ ಕರೆದ ಗೆಳೆಯನ ಕೈ, ತನಗೆ ದೊರೆಯದ ಪಟ್ಟದ ವಿದ್ಯೆಯನ್ನು ಇನ್ನೊಬ್ಬನಿಗೆ ಕಲಿಸಿದ ಸಮವಯಸ್ಕನ ಕೈ. ದಾಖಲೆಯ ಪುಸ್ತಕಗಳು ಈ ಕೈಗಳನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲ. ಇತಿಹಾಸವನ್ನು ಓದುವ ನಾವು ಹಿಡಿಯಬೇಕು.