ಗವಿಪುರದ ಎರಡು ಬಿಂಬಗಳು

ಗವಿಪುರದ ಗಂಗಾಧರೇಶ್ವರ ದೇವಾಲಯದ ಅಂಗಳದಲ್ಲಿ ಎರಡು ದೊಡ್ಡ ಕಲ್ಲಿನ ಬಿಂಬಗಳು ಕಂಬಗಳ ಮೇಲೆ ನಿಂತಿರುವುದನ್ನು ನೀವು ನೋಡಿರಬಹುದು. ಒಂದು ಸೂರ್ಯಪಾನ, ಇನ್ನೊಂದು ಚಂದ್ರಪಾನ. ಸಂಕ್ರಾಂತಿಯ ಸಂಜೆ ನಂದಿಯ ಕೊಂಬುಗಳ ನಡುವೆ ಹಾಯ್ದು ಲಿಂಗವನ್ನು ಮುಟ್ಟುವ ಬಿಸಿಲನ್ನು ಕಾಣಲು ಅಲ್ಲಿ ಜನ ನೆರೆಯುತ್ತಾರೆ. ಬಿಂಬಗಳ ಮುಂದೆ ನಿಲ್ಲುವವರು ಕಡಿಮೆ. ಹಿಂದೊಮ್ಮೆ ನನ್ನ ಮೊಮ್ಮಗ ನಿಂತ. "ಎರಡೂ ಒಂದೇ ಅಳತೆ ಇವೆಯಲ್ಲ ತಾತ, ಕೆತ್ತಿದವನಿಗೆ ಗೊತ್ತಿರಲಿಲ್ಲವೇ?" ಎಂದು ಕೇಳಿದ.

ಶಾಲೆಯ ಪುಸ್ತಕ ಓದಿದ ಹುಡುಗನ ಪ್ರಶ್ನೆ ಅದು. ಸೂರ್ಯನ ವ್ಯಾಸ ಚಂದ್ರನದಕ್ಕಿಂತ ಸುಮಾರು 400 ಪಟ್ಟು ದೊಡ್ಡದು. ಆದರೆ ಅವನ ದೂರವೂ ಸುಮಾರು 400 ಪಟ್ಟು ಹೆಚ್ಚು: ಚಂದ್ರ 3,84,000 ಕಿಲೋಮೀಟರ್, ಸೂರ್ಯ 15 ಕೋಟಿ. ಹೀಗಾಗಿ ನಮ್ಮ ಕಣ್ಣಿಗೆ ಇಬ್ಬರೂ ಅರ್ಧ ಡಿಗ್ರಿಯ ಬಿಲ್ಲೆಗಳೇ. ತೋಳು ನೀಡಿ ಹಿಡಿದ ಒಂದು ಕಡಲೆಕಾಯಿ ಬೀಜ ಹುಣ್ಣಿಮೆಯ ಚಂದ್ರನನ್ನು ಮುಚ್ಚಿಬಿಡುತ್ತದೆ. (ಸೂರ್ಯನೊಡನೆ ಈ ಪರೀಕ್ಷೆ ಬೇಡ.) ಶಿಲ್ಪಿ ತಪ್ಪಲಿಲ್ಲ, ಕಂಡದ್ದನ್ನು ಕಂಡಂತೆ ಕೆತ್ತಿದ.

ನಮ್ಮ ಶಾಸನಗಳ ಮತ್ತು ವೀರಗಲ್ಲುಗಳ ನೆತ್ತಿಯಲ್ಲಿಯೂ ಈ ಜೋಡಿಯುಂಟು. ದತ್ತಿ 'ಆಚಂದ್ರಾರ್ಕ' ನಡೆಯಲೆಂಬುದಕ್ಕೆ ಅವರು ಸಾಕ್ಷಿಗಳು. ಅಲ್ಲಿ ಸೂರ್ಯ ದುಂಡಗೆ, ಚಂದ್ರ ಬಿದಿಗೆಯ ಕೊಂಕು. ಇಬ್ಬರನ್ನೂ ದುಂಡಗೆ ಬಿಡಿಸಿದರೆ ಯಾರು ಯಾರೆಂದು ತಿಳಿಯದೆಂಬ ಅರಿವು ಆ ಗೆರೆಯ ಹಿಂದಿದೆಯೆಂದು ನನಗೆ ತೋರುತ್ತದೆ.

ಈ ಸಮತೆ ಪರೀಕ್ಷೆಗೆ ಒಳಗಾಗುವುದು ಗ್ರಹಣದಲ್ಲಿ. 1868ರ ಆಗಸ್ಟ್ 18ರಂದು ಜಾನ್ ಹರ್ಷೆಲ್ ಎಂಬ ಸೇನಾಧಿಕಾರಿ ನಮ್ಮ ಜಮಖಂಡಿಯಲ್ಲಿ ದೂರದರ್ಶಕ ಹೂಡಿ ಕಾದಿದ್ದ. ಚಂದ್ರ ಬಿಂಬವನ್ನು ಮುಚ್ಚಿ ಅಂಚನ್ನು ಮಾತ್ರ ಬಿಟ್ಟದ್ದರಿಂದಲೇ, ಅಂಚಿನಲ್ಲಿ ಏಳುವ ಕೆಂಜ್ವಾಲೆಗಳು ಉರಿಯುವ ಅನಿಲವೆಂದು ಅಂದು ತಿಳಿಯಿತು. ಆ ಗ್ರಹಣದಲ್ಲಿ ಕಂಡ ಹಳದಿ ಗೆರೆಗೆ ಮುಂದೆ ಹೀಲಿಯಂ ಎಂಬ ಹೆಸರು ಬಂತು.

1980ರ ಫೆಬ್ರವರಿ 16ರಂದು ಅಂಕೋಲೆಯಿಂದ ರಾಯಚೂರಿನ ಕಡೆಗೆ ಮತ್ತೆ ಪೂರ್ಣ ನೆರಳು ಹಾಯಿತು. ಬೆಂಗಳೂರಿನ ವಿಜ್ಞಾನಿಗಳು ಜವಳಗೇರಿಗೆ ಹೋಗಿ ಬೀಡುಬಿಟ್ಟರು. ನಾನಾಗ ಕನ್ನಡ ಎಂ.ಎ. ವಿದ್ಯಾರ್ಥಿ, ಚಾಮರಾಜಪೇಟೆಯ ಮನೆಯಲ್ಲಿ ಅಜ್ಜಿಯ ಅಪ್ಪಣೆಯಂತೆ ಕದ ಹಾಕಿಕೊಂಡು ಕುಳಿತಿದ್ದೆ. ಉಪ್ಪಿನಕಾಯಿ ಜಾಡಿಯ ಮೇಲೂ ದರ್ಭೆ. ನಮ್ಮೂರಲ್ಲಿ ಗ್ರಹಣ ಪಾರ್ಶ್ವವಾಗಿತ್ತು. ಹಂಚಿನ ಸಂದುಗಳಿಂದ ನೆಲಕ್ಕೆ ಬೀಳುತ್ತಿದ್ದ ದುಂಡು ಬಿಸಿಲುಗಳು ಒಂದೊಂದಾಗಿ ಬಿದಿಗೆಯ ಚಂದ್ರಗಳಾದವು. "ಅತ್ತ ನೋಡಬೇಡ ಕಣೋ" ಎಂದ ಅಜ್ಜಿಯೂ ನೋಡುತ್ತಲೇ ಇದ್ದರು. ಜವಳಗೇರಿಗೆ ಹೋಗಬಹುದಾಗಿತ್ತಲ್ಲ ಎಂಬ ಕೊರಗು ಇಂದಿಗೂ ಇದೆ.

2019ರ ಡಿಸೆಂಬರ್ 26ರ ಕಥೆ ಬೇರೆ. ಚಂದ್ರ ತನ್ನ ದೀರ್ಘವೃತ್ತದ ಹಾದಿಯಲ್ಲಿ ಹೆಚ್ಚುಕಡಿಮೆ ಸರಾಸರಿ ದೂರದಲ್ಲಿದ್ದ. ವರ್ಷದ ಆ ಹೊತ್ತಿಗೆ ಸೂರ್ಯ ನಮಗೆ ತುಸು ಹತ್ತಿರ. ಕಾಸರಗೋಡು ಜಿಲ್ಲೆಯ ಚೆರುವತ್ತೂರಿನಲ್ಲಿ ಸೂರ್ಯ ಕಪ್ಪು ಬಿಂಬದ ಸುತ್ತ ಬಳೆಯಾಗಿ ಉಳಿದ. ಚಂದ್ರ ವರ್ಷಕ್ಕೆ 3.8 ಸೆಂಟಿಮೀಟರಿನಷ್ಟು ನಮ್ಮಿಂದ ದೂರ ಸರಿಯುತ್ತಿದ್ದಾನೆ. ಕೋಟ್ಯಂತರ ವರ್ಷಗಳ ಬಳಿಕ ಬಳೆಯೇ ಗತಿ, ಪೂರ್ಣಗ್ರಹಣವಿಲ್ಲ. ಗವಿಪುರದ ಅಳತೆ ಹಾಗಾದರೆ ನಮ್ಮ ಕಾಲದ ಅಳತೆ.

ಅಂದು ಬೆಳಗ್ಗೆ ಮೊಮ್ಮಗ ಗ್ರಹಣದ ಕನ್ನಡಕ ತೊಟ್ಟು ತಾರಸಿಯಲ್ಲಿದ್ದ. ನಾನು ಹೊಂಗೆಮರದ ಕೆಳಗೆ ಬಿದ್ದ ನೂರಾರು ಬಿದಿಗೆಗಳನ್ನು ನೋಡಲು ಅವನನ್ನು ಕೂಗಿ ಕರೆದೆ.