ಹಾಡಿದವನೂ ಕೇಳಿದವರೂ

(ಬಾನುಲಿ ಭಾಷಣ)

ನ್ಯೂಯಾರ್ಕ್ ನಗರದಲ್ಲಿ ಮ್ಯಾಡಿಸನ್ ಸ್ಕ್ವೇರ್ ಗಾರ್ಡನ್ ಎಂಬ ಸಭಾಂಗಣವೊಂದಿದೆ. ಹೆಸರಿನಲ್ಲಿ ಉದ್ಯಾನವಿದ್ದರೂ ಅಲ್ಲಿ ಗಿಡಮರಗಳಿಲ್ಲ. ಇಪ್ಪತ್ತು ಸಾವಿರದಷ್ಟು ಜನ ಕೂಡಬಲ್ಲ ದುಂಡನೆಯ ಕಟ್ಟಡವದು. 1968ರಲ್ಲಿ ತೆರೆದ ಈ ಕಟ್ಟಡದ ಕೆಳಗೆ, ನೆಲದಡಿಯಲ್ಲಿ, ಪೆನ್ಸಿಲ್ವೇನಿಯ ರೈಲು ನಿಲ್ದಾಣವಿದೆ. ಮೇಲೆ ಕಚೇರಿ ಮುಗಿದರೆ ಜನ ಮೆಟ್ಟಿಲಿಳಿದು ರೈಲನ್ನು ಹತ್ತಬಹುದು. 2019ರಲ್ಲಿ, ನಾನು ಕಾಲೇಜಿನ ಕೆಲಸದಿಂದ ನಿವೃತ್ತನಾದ ಮರುವರ್ಷ, ಅಲ್ಲಿಗೆ ಸಮೀಪದ ಲಾಂಗ್ ಐಲೆಂಡಿನಲ್ಲಿ ಮಗನ ಮನೆಯಲ್ಲಿ ಕೆಲವು ತಿಂಗಳು ಇದ್ದೆ. ಒಂದು ಸಂಜೆ ಅವನು ನನ್ನನ್ನು ಆ ಸಭಾಂಗಣಕ್ಕೆ ಕರೆದುಕೊಂಡು ಹೋದ. ಅಂದು ಹಾಡಿದವನು ಬಿಲ್ಲಿ ಜೋಯೆಲ್. ಪಿಯಾನೊ ನುಡಿಸುತ್ತ ತಾನೇ ಕಟ್ಟಿದ ಹಾಡುಗಳನ್ನು ಹಾಡುವ, ಎಪ್ಪತ್ತರ ಆಸುಪಾಸಿನ ಕಲಾವಿದ.

ನಾನು ಇಂದು ಹೇಳಹೊರಟಿರುವುದು ಆ ಕಚೇರಿಯ ವರ್ಣನೆಯನ್ನಲ್ಲ. ಅದು ಮುಗಿದ ಮೇಲೆ ರೈಲಿನಲ್ಲಿ ನನ್ನ ಕಿವಿಗೆ ಬಿದ್ದ ಚರ್ಚೆಯೊಂದರ ವಿಚಾರವನ್ನು. ನಮ್ಮ ಎದುರಿನ ಆಸನಗಳಲ್ಲಿ ಕಚೇರಿಯಿಂದಲೇ ಬಂದ ಮೂವರು ಕುಳಿತಿದ್ದರು. ಒಬ್ಬರಿಗೆ ಮತ್ತೊಬ್ಬರ ಪರಿಚಯವಿರಲಿಲ್ಲ. ಆದರೂ ಬಂಡಿ ಹೊರಟ ಐದು ನಿಮಿಷದಲ್ಲಿ ವಾದ ಪ್ರಾರಂಭವಾಗಿತ್ತು. ನನ್ನ ವಯಸ್ಸಿನ ಹಿರಿಯರೊಬ್ಬರ ಅಭಿಪ್ರಾಯದಲ್ಲಿ, ಈ ಹಾಡುಗಳ ನಿಜವಾದ ರೂಪ ಹಳೆಯ ಧ್ವನಿಮುದ್ರಿಕೆಗಳಲ್ಲಿದೆ. ಈಗ ಕಂಠ ಭಾರವಾಗಿದೆ, ಶ್ರುತಿ ಇಳಿಸಿ ಹಾಡುತ್ತಾನೆ, ಬಂದವರಿಗೆ ದೊರಕುವುದು ನೆನಪು ಮಾತ್ರ. ನಡುವಯಸ್ಸಿನ ಹೆಂಗಸು ಇದನ್ನು ಒಪ್ಪಲಿಲ್ಲ. ಧ್ವನಿಮುದ್ರಿಕೆಯೆಂಬುದು ಒಂದು ದಿನದ ಹಾಡು, ಹಾಡು ಬಾಳುವುದು ಸಭೆಯಲ್ಲಿ ಎಂದು ಆಕೆಯ ವಾದ. ಮೂರನೆಯವನು ಇಪ್ಪತ್ತರ ಹುಡುಗ. ಎಲ್ಲರೂ ಬಲ್ಲ ದೊಡ್ಡ ಹಾಡುಗಳಿಗಾಗಿ ಅವನು ಬಂದಿರಲಿಲ್ಲ. 'ವಿಯೆನ್ನಾ' ಎಂಬ ಒಂದೇ ಹಾಡಿಗಾಗಿ ಬಂದಿದ್ದ. ಹಿರಿಯರು ನಕ್ಕರು. ಅದು ಬಂದ ಕಾಲದಲ್ಲಿ ಯಾರೂ ಅದನ್ನು ಅಷ್ಟಾಗಿ ಗಮನಿಸಿರಲಿಲ್ಲ ಎಂದರು.

ನಾನು ಸಂಗೀತಶಾಸ್ತ್ರ ಬಲ್ಲವನಲ್ಲ. ಆದರೆ ಪಾಠಾಂತರಗಳ ನಡುವೆ ಜೀವಮಾನ ಕಳೆದ ಕನ್ನಡ ಅಧ್ಯಾಪಕನಿಗೆ ಈ ಜಗಳ ಅಪರಿಚಿತವೆನಿಸಲಿಲ್ಲ. ಕವಿ ಬರೆದ ಮೂಲ ಯಾವುದು? ಗಮಕಿಯ ಬಾಯಲ್ಲಿ ಹೊರಳಿದ ಪಾಠಕ್ಕೆ ಬೆಲೆಯೆಷ್ಟು? ಹಾಡು ಯಾರ ಸ್ವತ್ತು? ಮನೆಗೆ ಬಂದ ಮೇಲೆ ಆ ಕಲಾವಿದನ ಚರಿತ್ರೆಯನ್ನು ಓದಿದೆ. ರೈಲಿನ ಮೂವರಿಗೂ ಆ ಚರಿತ್ರೆಯಲ್ಲಿ ಒಂದೊಂದು ಉತ್ತರವಿರುವುದು ಕಂಡಿತು.

ಜೋಯೆಲ್ ಹುಟ್ಟಿದ್ದು 1949ರಲ್ಲಿ, ನ್ಯೂಯಾರ್ಕಿನ ಬ್ರಾಂಕ್ಸ್ ಭಾಗದಲ್ಲಿ. ಬೆಳೆದದ್ದು ಲಾಂಗ್ ಐಲೆಂಡಿನ ಹಿಕ್ಸ್‌ವಿಲ್ ಎಂಬಲ್ಲಿ, ಎರಡನೆಯ ಮಹಾಯುದ್ಧದ ತರುವಾಯ ಸಾಲುಸಾಲಾಗಿ ಎದ್ದ ಒಂದೇ ಬಗೆಯ ಮನೆಗಳ ನಡುವೆ. ತಂದೆ ಜರ್ಮನಿಯ ನ್ಯೂರೆಂಬರ್ಗಿನ ಯಹೂದಿ ಮನೆತನದವರು. ಶಾಸ್ತ್ರೀಯ ಪಿಯಾನೊ ಬಲ್ಲವರು. ಅಜ್ಜ ಜವಳಿ ವ್ಯಾಪಾರದಲ್ಲಿ ಹೆಸರಾಗಿದ್ದರು. 1938ರಲ್ಲಿ ನಾಜಿಗಳ ಒತ್ತಡದಿಂದ ಆ ವ್ಯಾಪಾರವನ್ನು ಅಗ್ಗದ ಬೆಲೆಗೆ ಬಿಟ್ಟುಕೊಟ್ಟು, ಆ ಕುಟುಂಬ ದೇಶ ತೊರೆಯಬೇಕಾಯಿತು. ಸ್ವಿಟ್ಜರ್ಲೆಂಡ್ ಮತ್ತು ಕ್ಯೂಬಾಗಳ ಮೂಲಕ ಅವರು ಅಮೆರಿಕ ಸೇರಿದರು. ಬಿಲ್ಲಿ ಇನ್ನೂ ಬಾಲಕನಾಗಿದ್ದಾಗಲೇ ತಾಯಿತಂದೆ ಬೇರೆಯಾದರು. ತಂದೆ ಯುರೋಪಿಗೆ ಮರಳಿ ವಿಯೆನ್ನಾದಲ್ಲಿ ನೆಲೆಸಿದರು. ಮಗನಿಗೆ ಉಳಿದದ್ದು ತಾಯಿಯ ಆಸರೆ ಮತ್ತು ಪಿಯಾನೊ.

ಈಗ ರೈಲಿನ ಹಿರಿಯರ ಮಾತಿಗೆ ಬರೋಣ. ಧ್ವನಿಮುದ್ರಿಕೆಯೇ ಮೂಲವೆಂದು ಹೇಳುವವರು ಈತನ ಮೊದಲನೆಯ ಮುದ್ರಿಕೆಯನ್ನು ನೆನೆಯಬೇಕು. 1971ರಲ್ಲಿ 'ಕೋಲ್ಡ್ ಸ್ಪ್ರಿಂಗ್ ಹಾರ್ಬರ್' ಎಂಬ ಸಂಪುಟ ಹೊರಬಂದಿತು. ಅದನ್ನು ಸಿದ್ಧಪಡಿಸುವಾಗ ಯಂತ್ರದ ವೇಗದಲ್ಲಿ ತಪ್ಪಾಗಿ, ಹಾಡುಗಳೆಲ್ಲ ಇರಬೇಕಾದುದಕ್ಕಿಂತ ಬೇಗನೆ ಓಡಿದವು. ಗಾಯಕನ ಕಂಠ ಅವನದಲ್ಲವೆಂಬಷ್ಟು ಸಣ್ಣದಾಗಿ ಕೇಳಿಸಿತು. ಜಗತ್ತಿಗೆ ತಲುಪಿದ ಅವನ ಮೊದಲ 'ಮೂಲ'ವೇ ಒಂದು ಅಪಪಾಠವಾಗಿತ್ತು!

ಅವನನ್ನು ಆಗ ಉಳಿಸಿದ್ದು ಮುದ್ರಿಕೆಯಲ್ಲ, ಬಾನುಲಿ. ಈ ಮಾತನ್ನು ಬಾನುಲಿಯಲ್ಲಿ ಹೇಳಲು ನನಗೆ ಸಂತೋಷವೆನಿಸುತ್ತದೆ. 1972ರ ಏಪ್ರಿಲಿನಲ್ಲಿ ಫಿಲಡೆಲ್ಫಿಯ ನಗರದ ಒಂದು ಕೇಂದ್ರಕ್ಕಾಗಿ ಅವನು ಸಣ್ಣ ಸಭೆಯೊಂದರ ಮುಂದೆ ಹಾಡಿದ. ಅಂದು ಹಾಡಿದ್ದರಲ್ಲಿ 'ಕ್ಯಾಪ್ಟನ್ ಜ್ಯಾಕ್' ಎಂಬುದೊಂದು. ಹೊರವಲಯದ ಬಡಾವಣೆಯಲ್ಲಿ ಬೇಸರ ಹತ್ತಿ ಮಾದಕಕ್ಕೆ ಬಲಿಬಿದ್ದ ತರುಣನ ಕಥೆ. ಆ ಹಾಡು ಆಗ ಯಾವ ಮುದ್ರಿಕೆಯಲ್ಲಿಯೂ ಇರಲಿಲ್ಲ. ಶ್ರೋತೃಗಳು ಮಾತ್ರ ಅದನ್ನೇ ಮತ್ತೆ ಮತ್ತೆ ಕೇಳಬಯಸಿದರು. ಕೇಂದ್ರದವರೂ ಸಭೆಯ ಆ ಧ್ವನಿಸುರುಳಿಯನ್ನು ಮತ್ತೆ ಮತ್ತೆ ಪ್ರಸಾರ ಮಾಡಿದರು. ದೊಡ್ಡ ಸಂಸ್ಥೆಯಾದ ಕೊಲಂಬಿಯಾದ ಗಮನ ಅವನ ಕಡೆ ಹರಿಯಲು ಇದೂ ಒಂದು ಕಾರಣವಾಯಿತು. ಅದೇ ವರ್ಷ ಹಳೆಯ ಕರಾರಿನ ತೊಡಕಿನಿಂದ ತಪ್ಪಿಸಿಕೊಳ್ಳಲು ಆತ ಲಾಸ್ ಏಂಜಲೀಸಿಗೆ ಹೋಗಿ, ಬಿಲ್ ಮಾರ್ಟಿನ್ ಎಂಬ ಹೆಸರಿನಲ್ಲಿ ಒಂದು ಪಾನಗೃಹದಲ್ಲಿ ಪಿಯಾನೊ ನುಡಿಸುತ್ತಿದ್ದ. ಅಲ್ಲಿಗೆ ಬರುತ್ತಿದ್ದ ಒಂಟಿ ಜನರ ಚಿತ್ರವೇ 1973ರ 'ಪಿಯಾನೊ ಮ್ಯಾನ್' ಹಾಡಾಯಿತು.

ಹೀಗೆ ಮೊದಲಿನಿಂದಲೂ ಇವನ ಹಾಡಿಗೆ ಎರಡು ಜನ್ಮ. 1977ರಲ್ಲಿ ಫಿಲ್ ರಾಮೋನ್ ಎಂಬ ನಿರ್ಮಾಪಕ, ಊರೂರು ತಿರುಗಿ ಇವನೊಡನೆ ನುಡಿಸುತ್ತಿದ್ದ ವಾದ್ಯಗಾರರನ್ನೇ ಕೂಡಿಸಿ 'ದಿ ಸ್ಟ್ರೇಂಜರ್' ಸಂಪುಟವನ್ನು ಮಾಡಿಸಿದ. ಸಭೆಯ ಕಸುವು ಮುದ್ರಿಕೆಯೊಳಕ್ಕೆ ಬಂದಿತು, ಜೋಯೆಲ್ ಮನೆಮಾತಾದ. ಅನಂತರ 1981ರಲ್ಲಿ, ಯಾರೂ ಹೆಚ್ಚಾಗಿ ಕೇಳದೆ ಬಿಟ್ಟಿದ್ದ ಮೊದಲ ಸಂಪುಟಗಳ ಹಾಡುಗಳನ್ನು ಆತ ಹಿಂದಿನ ವರ್ಷದ ಸಭೆಗಳಲ್ಲಿ ಹಾಡಿದಂತೆಯೇ ಸೇರಿಸಿ 'ಸಾಂಗ್ಸ್ ಇನ್ ದಿ ಆಟಿಕ್' ಎಂದು ಹೊರತಂದ. ಆಟಿಕ್ ಎಂದರೆ ಅಟ್ಟ. ಅಟ್ಟದ ಮೇಲೆ ಧೂಳು ಹಿಡಿದಿದ್ದ ಹಾಡುಗಳನ್ನು ಕೆಳಗಿಳಿಸಿ ಒರೆಸಿಕೊಟ್ಟ ಹಾಗೆ. ವೇಗ ಕೆಟ್ಟು ಹೋಗಿದ್ದ ಮೊದಲ ಸಂಪುಟದ ಹಾಡೊಂದು ಹತ್ತು ವರ್ಷಗಳ ಮೇಲೆ, ಸಭೆಯ ರೂಪದಲ್ಲಿ, ಜನಪ್ರಿಯವಾಯಿತು. ರೈಲಿನ ಹೆಂಗಸಿನ ವಾದಕ್ಕೆ ಇದಕ್ಕಿಂತ ಹೆಚ್ಚಿನ ಸಾಕ್ಷ್ಯ ಬೇಕಿಲ್ಲ.

ಆದರೆ ಆಕೆಯ ಮಾತನ್ನೂ ಪೂರ್ತಿಯಾಗಿ ಒಪ್ಪುವಂತಿಲ್ಲ. ಸಭೆಯೆಂಬುದು ಸುಲಭದ ವಸ್ತುವಲ್ಲ. ಎಪ್ಪತ್ತರ ದಶಕದ ಕೊನೆಗೆ ಈತ ತನ್ನನ್ನು ಹೀಗಳೆದ ವಿಮರ್ಶೆಗಳನ್ನು ವೇದಿಕೆಯ ಮೇಲೆಯೇ ಹರಿದು ಹಾಕಿದವನು. 1987ರಲ್ಲಿ ಸೋವಿಯತ್ ದೇಶಕ್ಕೆ ಹೋಗಿ ಮಾಸ್ಕೋ, ಲೆನಿನ್‌ಗ್ರಾಡ್‌ಗಳಲ್ಲಿ ಹಾಡಿದಾಗ ಇನ್ನೊಂದು ಪ್ರಸಂಗ ನಡೆಯಿತು. ಚಿತ್ರೀಕರಣಕ್ಕೆಂದು ಸಭಿಕರ ಮೇಲೆ ದೀಪಗಳನ್ನು ಹೊತ್ತಿಸಿದರು. ಕತ್ತಲಲ್ಲಿ ಕುಣಿಯುತ್ತಿದ್ದ ಜನ ಬೆಳಕು ಬಿದ್ದೊಡನೆ ಮೈ ಬಿಗಿಹಿಡಿದು ನಿಂತರು. ದೀಪ ಆರಿಸಿರೆಂದು ಹಾಡಿನ ನಡುವೆಯೇ ಕೂಗಿ ಕೂಗಿ, ಕಡೆಗೆ ಸಿಟ್ಟಿನಿಂದ ಆತ ತನ್ನ ವಿದ್ಯುತ್ ಪಿಯಾನೊವನ್ನೇ ಉರುಳಿಸಿದ. ಅದನ್ನು ಪ್ರಸಿದ್ಧನ ಸಿಡುಕು ಎನ್ನಬಹುದು. ಇನ್ನೊಂದು ಮಗ್ಗುಲಿನಿಂದ ನೋಡಿದರೆ, ಕೇಳುವವನು ಬೆದರಿದರೆ ಹಾಡೇ ಇಲ್ಲವೆಂಬ ತಿಳಿವೂ ಅದರಲ್ಲಿದೆ.

ಕೇಳುವವನ ಈ ಪಾಲನ್ನು ಆತ ಬೇರೆ ವಿಧದಲ್ಲಿಯೂ ಗೌರವಿಸಿದ್ದುಂಟು. ಹಣವಂತರು ಮುಂದಿನ ಸಾಲಿನಲ್ಲಿ ನಿರ್ಲಿಪ್ತರಾಗಿ ಕೂರುವುದನ್ನು ಕಂಡು ಬೇಸತ್ತು, ಆ ಸಾಲಿನ ಟಿಕೀಟುಗಳನ್ನು ಮಾರುವುದನ್ನೇ ನಿಲ್ಲಿಸಿದ. ಕಟ್ಟಕಡೆಯ ಆಸನಗಳಲ್ಲಿ ಕುಳಿತ ಅಭಿಮಾನಿಗಳನ್ನು ಅವನ ಕಡೆಯವರು ಹುಡುಕಿ ಕರೆತಂದು ಅಲ್ಲಿ ಕೂಡಿಸುತ್ತಿದ್ದರು. ಸಭೆಯ ನಡುವೆ ಎರಡು ಹಾಡುಗಳ ಹೆಸರು ಹೇಳಿ, ಯಾವುದಕ್ಕೆ ಚಪ್ಪಾಳೆ ಹೆಚ್ಚೋ ಅದನ್ನು ಹಾಡುವ ಪದ್ಧತಿಯೂ ಇತ್ತು. ರೈಲಿನಲ್ಲಿ ನಡೆದ ಚರ್ಚೆ ಮೊದಲೇ ವೇದಿಕೆಯ ಮುಂದೆ ಚಪ್ಪಾಳೆಯ ರೂಪದಲ್ಲಿ ನಡೆದಿತ್ತೆಂದು ಹೇಳಬಹುದು.

ಇನ್ನು ಎಲ್ಲಕ್ಕಿಂತ ಕಠಿಣವಾದ ಪ್ರಶ್ನೆ. 1993ರಲ್ಲಿ ಬಂದ 'ರಿವರ್ ಆಫ್ ಡ್ರೀಮ್ಸ್' ತರುವಾಯ ಜೋಯೆಲ್ ಪಾಪ್ ಹಾಡುಗಳ ಹೊಸ ಸಂಪುಟವನ್ನು ಕಟ್ಟಲಿಲ್ಲ. 2001ರಲ್ಲಿ ಶಾಸ್ತ್ರೀಯ ರೀತಿಯ ಪಿಯಾನೊ ಕೃತಿಗಳನ್ನು ಪ್ರಕಟಿಸಿದ. ಅವನ್ನೂ ತಾನು ನುಡಿಸದೆ ಬೇರೊಬ್ಬ ವಾದಕನಿಂದ ನುಡಿಸಿದ. ಹೀಗಿದ್ದೂ 2014ರ ಜನವರಿಯಿಂದ ತಿಂಗಳಿಗೊಂದರಂತೆ ಅದೇ ಮ್ಯಾಡಿಸನ್ ಸ್ಕ್ವೇರ್ ಗಾರ್ಡನ್ನಿನಲ್ಲಿ ಹಳೆಯ ಹಾಡುಗಳನ್ನೇ ಹಾಡತೊಡಗಿದ. ಸಾಂಕ್ರಾಮಿಕದ ಕಾಲದಲ್ಲಿ ನಿಂತದ್ದನ್ನು ಬಿಟ್ಟರೆ ಈ ಮಾಸಿಕ ಕಚೇರಿ ಹತ್ತು ವರ್ಷ ನಡೆಯಿತು. ಹೊಸದನ್ನು ಕಟ್ಟದವನು ಹಳೆಯದನ್ನು ಹೀಗೆ ಹಾಡುತ್ತಲೇ ಇರುವುದು ಕಲೆಯೇ, ಕಸುಬೇ ಎಂದು ಅಭಿಮಾನಿಗಳಲ್ಲಿಯೇ ಎರಡು ಪಕ್ಷಗಳಿದ್ದವು.

ಈ ಪ್ರಶ್ನೆ ನನ್ನನ್ನು ಚುಚ್ಚಿತೆಂದು ಒಪ್ಪಿಕೊಳ್ಳಬೇಕು. ಮೂವತ್ತು ವರ್ಷ ನಾನು ಪಂಪನ ಅದೇ ಆಶ್ವಾಸಗಳನ್ನು ಅದೇ ಕೊಠಡಿಯಲ್ಲಿ ಪಾಠ ಹೇಳಿದವನು. ಟಿಪ್ಪಣಿಯ ಹಾಳೆಗಳು ಹಳದಿಯಾದವು. ಹೊಸದಾಗಿ ನಾನು ಬರೆದದ್ದು ಅತ್ಯಲ್ಪ. ನಿವೃತ್ತಿಯ ದಿನ ಹಾರ ಹಾಕಿಸಿಕೊಂಡು ಮನೆಗೆ ಬಂದವನಿಗೆ ಅನ್ನಿಸಿದ್ದು, ನಾನು ಇಷ್ಟು ಕಾಲ ಒಂದೇ ಗಂಟೆಯನ್ನು ಬಾರಿಸಿದೆನಲ್ಲವೇ ಎಂದು. ಆದರೆ ಪಾಠ ಒಂದೇ ಆದರೂ ಪ್ರತಿ ಜೂನ್ ತಿಂಗಳಲ್ಲಿ ಎದುರಿಗಿದ್ದ ಮುಖಗಳು ಬೇರೆ. ಕರ್ಣನ ಅವಸಾನವನ್ನು ಮೊದಲ ಸಲ ಕೇಳುವ ಹುಡುಗನಿಗೆ ಅದು ಹಳೆಯದಲ್ಲ. ಆ ಕಣ್ಣುಗಳಿಂದಾಗಿ ನನಗೂ ಅದು ಅಂದು ಹಳೆಯದಾಗಿರುತ್ತಿರಲಿಲ್ಲ. ಸಭೆಯ ಕೊನೆಯಲ್ಲಿ 'ಪಿಯಾನೊ ಮ್ಯಾನ್' ಹಾಡುವಾಗ ಜೋಯೆಲ್ ಪಲ್ಲವಿಯ ಹೊತ್ತಿಗೆ ತಾನು ಸುಮ್ಮನಾದ. ಸಾವಿರಾರು ಜನ ತಾವೇ ಅದನ್ನು ಹಾಡಿದರು. ಅರ್ಧಕ್ಕೆ ಅರ್ಧ ಜನ ಆ ಹಾಡಿಗಿಂತ ಚಿಕ್ಕವರು. ಶ್ರುತಿ ಇಳಿದದ್ದು ಹೌದು. ಇಳಿದ ಶ್ರುತಿಯಲ್ಲಿ ಅವರೆಲ್ಲರೂ ಕಂಠ ಕೂಡಿಸಬಹುದಾಗಿತ್ತೆಂಬುದೂ ಹೌದು.

ಈಗ ರೈಲಿನ ಹುಡುಗನ 'ವಿಯೆನ್ನಾ'. 1977ರಲ್ಲಿ, 'ಜಸ್ಟ್ ದಿ ವೇ ಯು ಆರ್' ಎಂಬ ಪ್ರೇಮಗೀತೆ ಬಂದ ವರ್ಷವೇ ಬಂದ ಹಾಡು ಅದು. ಆ ಪ್ರೇಮಗೀತೆ ದೊಡ್ಡ ಪ್ರಶಸ್ತಿಗಳನ್ನು ಗಳಿಸಿತು. ವಿಚಿತ್ರವೆಂದರೆ, ಮೊದಲ ಹೆಂಡತಿಗಾಗಿ ಬರೆದ ಆ ಗೀತೆಯನ್ನು ವಿವಾಹವಿಚ್ಛೇದನದ ಮೇಲೆ ಬಹುಕಾಲ ಹಾಡಲು ಅವನಿಗೇ ಮನಸ್ಸಾಗಲಿಲ್ಲ. 'ವಿಯೆನ್ನಾ' ಹಾಡಾದರೋ ಮೆಲ್ಲಮೆಲ್ಲನೆ ಮುಂದೆ ಬಂದಿತು. ಯಾವ ಸಂಸ್ಥೆಯೂ ಅದನ್ನು ಹೊತ್ತು ಮೆರೆಸಲಿಲ್ಲ. ಕೇಳಿದವರು ಇನ್ನೊಬ್ಬರಿಗೆ ಹೇಳಿದರು. 2004ರಲ್ಲಿ ಒಂದು ಚಲನಚಿತ್ರದಲ್ಲಿ ಅದು ಬಂದಿತು. ಅವಸರದ ಬದುಕಿನಲ್ಲಿ ಬಳಲಿದ ಹೊಸ ತಲೆಮಾರಿನ ತರುಣರು ಅದನ್ನು ತಮ್ಮದಾಗಿಸಿಕೊಂಡರು. ಚರಿತ್ರೆ ತೀರ್ಪನ್ನು ತಿದ್ದಿತು. ತಿದ್ದಿದವರು ಇಂಥ ಹುಡುಗರು.

ಆ ಹಾಡು ಹುಟ್ಟಿದ ಬಗೆಯನ್ನು ಜೋಯೆಲ್ ಹಲವು ಸಲ ಹೇಳಿದ್ದಾನೆ. ಬಹಳ ವರ್ಷಗಳ ಅಗಲಿಕೆಯ ಮೇಲೆ ತಂದೆಯನ್ನು ಹುಡುಕಿಕೊಂಡು ವಿಯೆನ್ನಾಕ್ಕೆ ಹೋಗಿದ್ದ. ಬೀದಿಯಲ್ಲಿ ವೃದ್ಧೆಯೊಬ್ಬಳು ಕಸ ಗುಡಿಸುತ್ತಿದ್ದಳು. ಈ ವಯಸ್ಸಿನಲ್ಲಿ ಈಕೆಗೆ ಇಂಥ ಕೆಲಸವೇ ಎಂದು ಮಗ ಮರುಗಿದ. ತಂದೆ ಬೇರೆ ರೀತಿಯಲ್ಲಿ ಕಂಡರು: ಆಕೆಗೆ ಒಂದು ಕೆಲಸವಿದೆ, ತನ್ನಿಂದ ಊರಿಗೆ ಉಪಯೋಗವಿದೆಯೆಂಬ ಭಾವವಿದೆ, ಇಲ್ಲಿ ಮುದುಕರನ್ನು ಮೂಲೆಗೆ ಸರಿಸುವುದಿಲ್ಲ. ಮುಪ್ಪಿಗೆ ಹೆದರಿ ಓಡಬೇಕಾಗಿಲ್ಲವೆಂಬ ನೆಮ್ಮದಿ ಆ ಇಪ್ಪತ್ತೆಂಟರ ತರುಣನ ಹಾಡಿಗೆ ಅಲ್ಲಿಂದ ಬಂದಿತು. ತರುಣನಾಗಿ ಬರೆದುದನ್ನು ಅವನು ಎಪ್ಪತ್ತರಲ್ಲಿ ಹಾಡಿದಾಗ ಶಬ್ದಗಳು ಅವೇ. ಹಾಡುವವನು ಮಾತ್ರ ಈಗ ಆ ಬೀದಿಯ ವೃದ್ಧೆಯ ಕಡೆಗೆ ಸೇರಿದ್ದ. ಧ್ವನಿಮುದ್ರಿಕೆಯಲ್ಲಿ ಇಲ್ಲದ ಅರ್ಥ ಇದು. ಹಾಗೆಂದು ಮುದ್ರಿಕೆ ಇಲ್ಲದಿದ್ದರೆ ಆ ಹುಡುಗ ರೈಲಿನವರೆಗೆ ಬರುತ್ತಲೇ ಇರಲಿಲ್ಲ. ಮೂಲವೂ ಬೇಕು, ಪಾಠಾಂತರವೂ ಬೇಕು.

2024ರ ಜುಲೈ 25ರಂದು ಆ ಮಾಸಿಕ ಕಚೇರಿಗಳ ಸರಣಿ ನೂರನಾಲ್ಕನೆಯ ಸಭೆಯೊಂದಿಗೆ ಮುಗಿಯಿತು. ಆ ಸಭಾಂಗಣದಲ್ಲಿ ಅವನ ಒಟ್ಟು ಲೆಕ್ಕಕ್ಕೆ ಅದು ನೂರೈವತ್ತನೆಯದು. ಅದೇ ವರ್ಷದ ಫೆಬ್ರುವರಿಯಲ್ಲಿ, ಬಹುಕಾಲದ ಮೌನ ಮುರಿದು, ಇತರರೊಡನೆ ಸೇರಿ ಬರೆದ ಒಂದು ಹೊಸ ಹಾಡನ್ನೂ ಹೊರತಂದಿದ್ದ. 2025ರ ಮೇ ತಿಂಗಳಲ್ಲಿ, ಮಿದುಳಿನಲ್ಲಿ ದ್ರವ ಸೇರುವ ಕಾಯಿಲೆಯಿಂದ ಕಿವಿ, ಕಣ್ಣು ಮತ್ತು ದೇಹದ ಸಮತೋಲಕ್ಕೆ ತೊಂದರೆಯಾಗಿದೆಯೆಂದೂ ಒಪ್ಪಿಕೊಂಡಿದ್ದ ಕಚೇರಿಗಳನ್ನೆಲ್ಲ ರದ್ದು ಮಾಡಲಾಗಿದೆಯೆಂದೂ ಪ್ರಕಟವಾಯಿತು.

ಆ ಸುದ್ದಿ ಓದಿದ ದಿನ ನನಗೆ ರೈಲಿನ ಆ ಮೂವರು ನೆನಪಾದರು. ಅಂದು ಹಿಕ್ಸ್‌ವಿಲ್ ನಿಲ್ದಾಣ ಬಂದಾಗ ಹಿರಿಯರು ಎದ್ದು ನಿಂತಿದ್ದರು. ಬಾಗಿಲ ಬಳಿ ತಿರುಗಿ, ಮನೆಗೆ ಹೋಗಿ ಆ 'ವಿಯೆನ್ನಾ'ವನ್ನು ಇನ್ನೊಮ್ಮೆ ಕೇಳುವೆನೆಂದು ಹುಡುಗನಿಗೆ ಹೇಳಿದರು. ಹುಡುಗ, ತಾನು ಹಳೆಯ ಮುದ್ರಿಕೆಗಳನ್ನು ಮೊದಲಿನಿಂದ ಕೇಳುವೆನೆಂದ. ಹಾಡಿದವನಿಗೆ ಈ ಮಾತುಕತೆ ತಿಳಿಯುವಂತಿರಲಿಲ್ಲ. ಆದರೂ ಅವನ ಹಾಡು ಆ ರಾತ್ರಿ ಒಂದು ಕೈಯಿಂದ ಇನ್ನೊಂದು ಕೈಗೆ ದಾಟಿತ್ತು. ಅಧ್ಯಾಪಕನಾಗಿದ್ದ ನನಗೂ ಅದಕ್ಕಿಂತ ಹೆಚ್ಚಿನದೇನೂ ಬೇಕಿಲ್ಲವೆಂದು ಅಂದು ತೋರಿತು. ಇಂದಿಗೂ ಹಾಗೆಯೇ ತೋರುತ್ತದೆ.