ಹೋದ ತಂಡ ಮರಳಿ ಬಂತು: ಸ್ವಿಫ್ಟ್ ಕರೆಂಟ್ ಬ್ರಾಂಕೋಸ್

ಆರಂಭ: 1967
ಕೆನಡಾದ ಸಸ್ಕ್ಯಾಚುವಾನ್ ಪ್ರಾಂತ್ಯದ ಗೋಧಿ ಬಯಲಿನಲ್ಲಿರುವ ಸಣ್ಣ ಪಟ್ಟಣ ಸ್ವಿಫ್ಟ್ ಕರೆಂಟ್. ಈ ಜೂನಿಯರ್ ಐಸ್ ಹಾಕಿ ತಂಡ ಹುಟ್ಟಿದ್ದು ಇಲ್ಲಿಯೇ.

ವಲಸೆ: 1974–1986
ತಂಡ ನೆರೆಯ ಆಲ್ಬರ್ಟಾ ಪ್ರಾಂತ್ಯದ ಲೆತ್‌ಬ್ರಿಜ್ ನಗರಕ್ಕೆ ಹೋಯಿತು. ಊರು ಬದಲಾದರೂ ‘ಬ್ರಾಂಕೋಸ್’ ಎಂಬ ಹೆಸರು ಉಳಿಯಿತು. ಮುಂದೆ ಉತ್ತರ ಅಮೆರಿಕದ ವೃತ್ತಿಪರ ಐಸ್ ಹಾಕಿ ಲೀಗ್ ಆದ ಎನ್‌ಎಚ್‌ಎಲ್‌ನಲ್ಲಿ ಆಡಿದ ಸಟ್ಟರ್ ಮನೆತನದ ಆರೂ ಸಹೋದರರು ಪಳಗಿದ್ದು ಇಲ್ಲಿ. 1983ರಲ್ಲಿ ತಂಡ ವೆಸ್ಟರ್ನ್ ಹಾಕಿ ಲೀಗ್ ಗೆದ್ದಿತು.

ಮರಳಿ ತವರಿಗೆ: 1986
ಹನ್ನೆರಡು ವರ್ಷಗಳ ನಂತರ ತಂಡ ಊರಿಗೆ ಮರಳಿತು. ಆ ಸಂಭ್ರಮ ಹೆಚ್ಚು ದಿನ ಉಳಿಯಲಿಲ್ಲ. ಡಿಸೆಂಬರ್ 30ರಂದು ರೆಜೈನಾದ ಪಂದ್ಯಕ್ಕೆ ಹೊರಟ ಬಸ್ಸು ಹಿಮಗಟ್ಟಿದ ಹೆದ್ದಾರಿಯಲ್ಲಿ ಜಾರಿ ಉರುಳಿತು. ಹಿಂಬದಿಯಲ್ಲಿ ಕುಳಿತು ಇಸ್ಪೀಟು ಆಡುತ್ತಿದ್ದ ಟ್ರೆಂಟ್ ಕ್ರೆಸಿ, ಸ್ಕಾಟ್ ಕ್ರೂಗರ್, ಕ್ರಿಸ್ ಮಂಟೈಕಾ ಮತ್ತು ಬ್ರೆಂಟ್ ರಫ್ ಸಾವಿಗೀಡಾದರು. ರಫ್‌ಗೆ ಆಗ ಇನ್ನೂ 16 ವರ್ಷ. ಬದುಕುಳಿದವರಲ್ಲಿ ಮುಂದೆ ಎನ್‌ಎಚ್‌ಎಲ್ ತಾರೆಯಾದ ಜೋ ಸಾಕಿಕ್ ಕೂಡ ಒಬ್ಬರು.

ನಾಲ್ಕು ಎಸಳಿನ ಗುರುತು
ಅಗಲಿದವರ ನೆನಪಿಗೆ ಆಟಗಾರರು ಅಂಗಿಯ ತೋಳಿಗೆ ನಾಲ್ಕು ಎಸಳಿನ ಕ್ಲೋವರ್ ಎಲೆಯ ಚಿಹ್ನೆ ಹೊಲಿಸಿಕೊಂಡರು. ಅದರಲ್ಲಿದ್ದದ್ದು ಆ ನಾಲ್ವರ ಅಂಗಿಗಳ ಸಂಖ್ಯೆಗಳು: 8, 9, 11, 22.

ಮೆಮೋರಿಯಲ್ ಕಪ್: 1989
ದುರಂತ ನಡೆದು ಮೂರು ವರ್ಷ ತುಂಬುವ ಮೊದಲೇ ತಂಡ ಕೆನಡಾದ ಜೂನಿಯರ್ ಹಾಕಿಯ ಅತ್ಯುನ್ನತ ಪ್ರಶಸ್ತಿ ಗೆದ್ದಿತು. ಸಸ್ಕಟೂನ್‌ನಲ್ಲಿ ನಡೆದ ಫೈನಲ್‌ನಲ್ಲಿ, ಹೆಚ್ಚುವರಿ ಅವಧಿಯಲ್ಲಿ ಟಿಮ್ ಟಿಸ್ಡೇಲ್ ಹೊಡೆದ ಗೋಲಿನಿಂದ ಆತಿಥೇಯ ಬ್ಲೇಡ್ಸ್ ತಂಡ 4–3ರಲ್ಲಿ ಸೋತಿತು.

1986ರ ನಂತರ ಬ್ರಾಂಕೋಸ್ ಮತ್ತೆ ಊರು ಬಿಟ್ಟಿಲ್ಲ.